ಯುವನಿಧಿಯ ಎರಡು ವರ್ಷ ಮುಗಿದ ಮೇಲೆ ಏನು?

2024ರ ಜನವರಿ 12. ವಿವೇಕಾನಂದ ಜಯಂತಿಯ ದಿನ. ಶಿವಮೊಗ್ಗದ ಫ್ರೀಡಂ ಪಾರ್ಕ್‌ನಲ್ಲಿ, ನಮ್ಮೂರಿನ ಹಳಬರು ಇನ್ನೂ ‘ಜೈಲ್ ಮೈದಾನ’ ಅನ್ನೋ ಜಾಗದಲ್ಲಿ, ಮುಖ್ಯಮಂತ್ರಿ ಸಿದ್ದರಾಮಯ್ಯ ಯುವನಿಧಿ ಯೋಜನೆಗೆ ಚಾಲನೆ ಕೊಟ್ಟರು. ಐದು ಗ್ಯಾರಂಟಿಗಳಲ್ಲಿ ಕೊನೆಯದು. 2022–23ರಲ್ಲಿ ಡಿಗ್ರಿ ಮುಗಿಸಿ, 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ. ಡಿಪ್ಲೊಮಾದವರಿಗೆ 1,500. ನೇರವಾಗಿ ಬ್ಯಾಂಕ್ ಖಾತೆಗೆ. ಕೆಲಸ ಸಿಗುವವರೆಗೆ, ಅಥವಾ ಹೆಚ್ಚೆಂದರೆ ಎರಡು ವರ್ಷ.

ಆ ಎರಡು ವರ್ಷ ಈಗ ಮುಗಿದಿದೆ. ಮೊದಲ ತಂಡದಲ್ಲಿ ದುಡ್ಡು ಪಡೆಯಲು ಶುರು ಮಾಡಿ ಪೂರ್ತಿ ಅವಧಿ ಪಡೆದ ಪದವೀಧರರಿಗೆ ಒಟ್ಟು 72,000 ರೂಪಾಯಿ ಬಂದಂತಾಯಿತು. ಇನ್ನು ಬರಲ್ಲ. ದುಡ್ಡು ನಿಂತ ತಿಂಗಳು ಆ ಹುಡುಗ ಹುಡುಗಿಯರು ಎಲ್ಲಿದ್ದಾರೆ ಅನ್ನೋದು ನನ್ನ ಪ್ರಶ್ನೆ. ಯೋಜನೆ ಸರಿಯೋ ತಪ್ಪೋ ಅನ್ನೋ ಟಿವಿ ಚರ್ಚೆ ನನಗೆ ಬೇಡ.

ನಾನು ಕುಂಸಿಯವನು. ಶಿವಮೊಗ್ಗದಿಂದ ಸಾಗರದ ಕಡೆ ಹೋಗುವಾಗ ಸುಮಾರು 25 ಕಿ.ಮೀ. ದೂರದಲ್ಲಿ, ಆಯನೂರು ದಾಟಿದ ಮೇಲೆ ಸಿಗುವ ಊರು. ಸಾಫ್ಟ್‌ವೇರ್ ಕೆಲಸ, ವಾಸ ಬೆಂಗಳೂರು. ಊರಿಗೆ ಹೋದಾಗಲೆಲ್ಲ ಭಾನುವಾರ ನಮ್ಮ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ನಾಲ್ಕೈದು ಜನ ಬಂದೇ ಬರ್ತಾರೆ. “ಅಣ್ಣ, ಒಂಚೂರು ರೆಸ್ಯೂಮ್ ನೋಡಿ ಕೊಡ್ತೀರಾ?” ಮೂರ್ನಾಲ್ಕು ವರ್ಷ ಹೀಗೆ ಕೂತು ನೋಡಿದ್ದು, ಕೇಳಿದ್ದು ಇಲ್ಲಿದೆ.

ದೊಡ್ಡಪ್ಪನ ಕಾಲದ ಕಾರ್ಡು

ಭದ್ರಾವತಿಯಲ್ಲಿದ್ದ ನಮ್ಮ ದೊಡ್ಡಪ್ಪ ಪೇಪರ್ ಮಿಲ್‌ನಲ್ಲಿ ದುಡಿದು ರಿಟೈರ್ ಆದವರು. ಅವರ ಟ್ರಂಕಿನಲ್ಲಿ ಎಂಪ್ಲಾಯ್‌ಮೆಂಟ್ ಕಾರ್ಡ್ ಇನ್ನೂ ಇದೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೇ ಆ ಕಾರ್ಡ್ ಮಾಡಿಸೋದು. ಮೂರು ವರ್ಷಕ್ಕೊಮ್ಮೆ ನೆನಪಿಟ್ಟುಕೊಂಡು ರಿನ್ಯೂವಲ್. ಮರೆತರೆ ಸೀನಿಯಾರಿಟಿ ಹೋಯ್ತು.

ಈ ಉದ್ಯೋಗ ವಿನಿಮಯ ಕಚೇರಿಗಳು ಹುಟ್ಟಿದ್ದೇ ಬೇರೆಯವರಿಗಾಗಿ. ಎರಡನೇ ಮಹಾಯುದ್ಧ ಮುಗಿದು ಸೈನ್ಯದಿಂದ ಬಿಡುಗಡೆಯಾದವರಿಗೆ ಊರಲ್ಲಿ ಕೆಲಸ ಕೊಡಿಸಬೇಕಿತ್ತು. ಅದಕ್ಕೆಂದು 1945ರಲ್ಲಿ ಈ ವ್ಯವಸ್ಥೆ ಶುರುವಾಯಿತು. ಆಮೇಲೆ ಎಲ್ಲರಿಗೂ ತೆರೆಯಿತು. 1959ರಲ್ಲಿ ಕಾಯ್ದೆ ಬಂತು: ಸರ್ಕಾರಿ ಸಂಸ್ಥೆಗಳು, 25 ಅಥವಾ ಹೆಚ್ಚು ಕೆಲಸಗಾರರಿರುವ ಖಾಸಗಿ ಸಂಸ್ಥೆಗಳು ತಮ್ಮಲ್ಲಿ ಖಾಲಿ ಇರುವ ಹುದ್ದೆಗಳನ್ನು ಈ ಕಚೇರಿಗೆ ತಿಳಿಸಲೇಬೇಕಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾಯ್ದೆ ಹೇಳಿದ್ದು ‘ತಿಳಿಸಬೇಕು’ ಅಂತ. ‘ಅಲ್ಲಿಂದಲೇ ತೆಗೆದುಕೊಳ್ಳಬೇಕು’ ಅಂತ ಹೇಳಲಿಲ್ಲ. ಸರ್ಕಾರಿ ನೇಮಕಾತಿಗೆ ವಿನಿಮಯ ಕಚೇರಿಯ ಪಟ್ಟಿಯಷ್ಟೇ ಸಾಲದು, ಪತ್ರಿಕೆಯಲ್ಲೂ ಪ್ರಕಟಣೆ ಕೊಟ್ಟು ಎಲ್ಲರಿಗೂ ಅವಕಾಶ ಕೊಡಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ನ್ಯಾಯವೇ. ಆದರೆ ಅಲ್ಲಿಂದ ಮುಂದೆ ಆ ಕಾರ್ಡಿಗಿದ್ದ ಬೆಲೆ ಇಳಿಯುತ್ತಾ ಹೋಯಿತು.

ಇನ್ನೊಂದು ಕಡೆ, ಕೆಲಸ ಕೊಡುವ ಬಾಗಿಲುಗಳೇ ಮುಚ್ಚಿದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದ್ದು. ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಸ್ಥಾಪನೆಯಾಗಿದ್ದು. ನ್ಯೂ ಟೌನ್, ಪೇಪರ್ ಟೌನ್ ಎಂಬ ಎರಡು ಬಡಾವಣೆಗಳೇ ಈ ಎರಡು ಕಾರ್ಖಾನೆಗಳ ಸುತ್ತ ಬೆಳೆದವು. ಪೇಪರ್ ಮಿಲ್ ಉತ್ಪಾದನೆ ನಿಲ್ಲಿಸಿ ಹತ್ತು ವರ್ಷದ ಹತ್ತಿರ ಬಂತು. ವಿಐಎಸ್‌ಎಲ್ ಮುಚ್ಚುವುದಕ್ಕೆ ಸೈಲ್ ಆಡಳಿತ ಮಂಡಳಿ 2023ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕಾರ್ಮಿಕರ ಹೋರಾಟ ನಡೆಯಿತು, ಅದೇ ವರ್ಷ ಆಗಸ್ಟ್‌ನಲ್ಲಿ ಒಂದಷ್ಟು ಉತ್ಪಾದನೆ ಮತ್ತೆ ಶುರುವಾಯಿತು. ಆದರೆ ಹೊಸಬರನ್ನು ಸಾಲುಗಟ್ಟಿ ಒಳಗೆ ಕರೆದುಕೊಳ್ಳುತ್ತಿದ್ದ ಆ ಗೇಟು ಈಗಿಲ್ಲ.

ದೊಡ್ಡಪ್ಪನ ಕಾಲದಲ್ಲಿ ಕೆಲಸ ಅಂದರೆ ಒಂದು ಕಾರ್ಡು, ಒಂದು ಗೇಟು. ಈಗ ನೂರಾರು ಚಿಕ್ಕ ಚಿಕ್ಕ ಗೇಟುಗಳಿವೆ. ಮಾಚೇನಹಳ್ಳಿಯ ಫೌಂಡ್ರಿ, ಗಾರ್ಮೆಂಟ್ಸ್, ಶಿವಮೊಗ್ಗದ ಆಡಿಟರ್ ಆಫೀಸು, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್, ಬೈಕ್ ಶೋರೂಂ. ಯಾವ ಗೇಟು ಯಾವಾಗ ತೆರೆದಿರುತ್ತೆ ಅಂತ ಹೇಳೋರು ಯಾರು?

ಪೋರ್ಟಲ್‌ಗೆ ಬರ ಇಲ್ಲ

ಪೋರ್ಟಲ್ ಬೇಕಾದಷ್ಟಿವೆ. ಕೇಂದ್ರದ ನ್ಯಾಷನಲ್ ಕರಿಯರ್ ಸರ್ವೀಸ್ 2015ರಿಂದ ಇದೆ. ರಾಜ್ಯದ ಸ್ಕಿಲ್ ಕನೆಕ್ಟ್ ಇದೆ. ಅಪ್ರೆಂಟಿಸ್‌ಶಿಪ್‌ಗೆ ಬೇರೆ ಪೋರ್ಟಲ್. ಯುವನಿಧಿಗೆ ಸೇವಾಸಿಂಧು. ಇದರ ಮೇಲೆ ಖಾಸಗಿ ಆ್ಯಪ್‌ಗಳು. ಎಲ್ಲದಕ್ಕೂ ಒಂದೊಂದು ಒಟಿಪಿ, ಒಂದೊಂದು ಪಾಸ್‌ವರ್ಡ್.

ನನ್ನ ವೃತ್ತಿಯೇ ಸಾಫ್ಟ್‌ವೇರ್ ಆದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ: ಹುದ್ದೆಗೂ ಅಭ್ಯರ್ಥಿಗೂ ಹೊಂದಿಸೋದು ಕೋಡ್ ಬರೆದು ಮುಗಿಸುವ ಕೆಲಸ ಅಲ್ಲ. ಡೇಟಾಬೇಸ್‌ನಲ್ಲಿ ‘ಬಿ.ಕಾಂ., ಟ್ಯಾಲಿ, ಶಿವಮೊಗ್ಗ’ ಅಂತ ಇರುತ್ತೆ. ಆದರೆ ಕೆಲಸ ಬಿಡಿಸುವ ಕಾರಣಗಳು ಅಲ್ಲಿರಲ್ಲ. ಸಂಜೆ ಏಳೂವರೆಗೆ ಶಿಫ್ಟ್ ಬಿಟ್ಟರೆ ಕುಂಸಿಗೆ ಬಸ್ ಇದೆಯಾ? ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ. ಆ ಹೊತ್ತಿಗೆ ಬರೋದು ಖಾಸಗಿ ಬಸ್ಸಾದರೆ ದಿನದ ಖರ್ಚೆಷ್ಟು? ಮನೆಯಲ್ಲಿ ಅಜ್ಜಿಯನ್ನ ನೋಡ್ಕೊಳ್ಳೋರು ಯಾರು? ಅಡಿಕೆ ಸುಲಿಯೋ ಸಮಯದಲ್ಲಿ ಒಂದು ತಿಂಗಳು ರಜೆ ಕೇಳಿದರೆ ಕೊಡ್ತಾರಾ?

ಇದರ ಜೊತೆಗೆ ಕಾಗದಪತ್ರದ ತೊಡಕು. ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಡಿಗ್ರಿ ಪ್ರಮಾಣಪತ್ರ ಡಿಜಿಲಾಕರ್‌ನ ನ್ಯಾಡ್‌ಗೆ ವಿಶ್ವವಿದ್ಯಾಲಯ ಅಪ್‌ಲೋಡ್ ಮಾಡಿದ್ದರೆ ಮಾತ್ರ ಯುವನಿಧಿ ಅರ್ಜಿ ಮುಂದೆ ಹೋಗುತ್ತಿತ್ತು. ನಮ್ಮ ಜಗಲಿಗೆ ಬಂದವರಲ್ಲಿ ಅರ್ಧ ಜನರಿಗೆ ಬೇಕಾಗಿದ್ದದ್ದು ರೆಸ್ಯೂಮ್ ಅಲ್ಲ, ಈ ಹೆಸರಿನ ಗೋಜಲು ಬಿಡಿಸಿಕೊಡೋರು.

ಊರಲ್ಲಿ ಮೊದಲು ಇದ್ದದ್ದು, ಈಗ ಇಲ್ಲದ್ದು ಏನೆಂದರೆ ನಡುವೆ ನಿಲ್ಲುವ ಮನುಷ್ಯ. “ಅಲ್ಲಿ ಹೋಗಿ ನನ್ನ ಹೆಸರು ಹೇಳು” ಅನ್ನೋರು. ಬೆಂಗಳೂರಿನಲ್ಲಿ ಅದಕ್ಕೆ ರೆಫರಲ್ ಅಂತ ಒಳ್ಳೆ ಹೆಸರಿದೆ. ರೆಫರ್ ಮಾಡಿದವನಿಗೆ ಬೋನಸ್ ಕೂಡ ಕೊಡ್ತಾರೆ. ಕುಂಸಿಯ ಹುಡುಗಿಗೆ ರೆಫರ್ ಮಾಡೋರು ಯಾರು?

3,000 ಮತ್ತು 9,000

ನನ್ನ ಚಿಕ್ಕಮ್ಮನ ಮಗಳ ವಿಷಯ ಹೇಳುತ್ತೇನೆ. 2023ರಲ್ಲಿ ಬಿ.ಕಾಂ. ಮುಗಿಸಿದಳು. ಯುವನಿಧಿಯ ಮೊದಲ ಕಂತುಗಳಲ್ಲೇ ಅವಳ ಖಾತೆಗೆ ದುಡ್ಡು ಬಂತು. ಆ ದುಡ್ಡಿನಿಂದ ಅವಳಿಗೆ ಒಳ್ಳೆಯದೇ ಆಯಿತು, ಇದನ್ನು ಮೊದಲು ಹೇಳಬೇಕು. ಪರೀಕ್ಷೆಗಳ ಅರ್ಜಿ ಶುಲ್ಕ ಕಟ್ಟಿದಳು. ಫೋನ್ ರೀಚಾರ್ಜ್‌ಗೆ ಅಪ್ಪನ ಮುಂದೆ ಕೈಚಾಚಲಿಲ್ಲ. “ತಿಂಗಳಿಗೆ ಮೂರ್ಸಾವ್ರ ನಂದೇ ಅಂತ ಇದ್ರೆ ಮನೇಲಿ ಮಾತಾಡೋ ಧೈರ್ಯನೇ ಬೇರೆ ಅಣ್ಣ” ಅಂದಿದ್ದಳು.

2024ರ ಮಧ್ಯದಲ್ಲಿ ಶಿವಮೊಗ್ಗದ ಹತ್ತಿರದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಅಪ್ರೆಂಟಿಸ್ ಅವಕಾಶ ಬಂತು. ಒಂದು ವರ್ಷ, ತಿಂಗಳಿಗೆ 9,000. ಆಗ ಡಿಗ್ರಿ ಮುಗಿಸಿದ ಅಪ್ರೆಂಟಿಸ್‌ಗೆ ನಿಯಮದ ಪ್ರಕಾರ ಕನಿಷ್ಠ ಸ್ಟೈಪೆಂಡ್ ಅಷ್ಟೇ ಇತ್ತು. ಆದರೆ ಯುವನಿಧಿಯ ನಿಯಮದಲ್ಲಿ ಅಪ್ರೆಂಟಿಸ್ ವೇತನ ಪಡೆಯುವವರು ಅರ್ಹರಲ್ಲ. ಓದು ಮುಂದುವರಿಸಿದವರೂ ಅಲ್ಲ.

ಮನೆಯಲ್ಲಿ ಲೆಕ್ಕ ಹಾಕಿದರು. ಬಸ್ಸು, ಮಧ್ಯಾಹ್ನದ ಊಟ, ಒಳ್ಳೆ ಬಟ್ಟೆ ಕಳೆದರೆ 9,000ದಲ್ಲಿ ಕೈಗೆ ಉಳಿಯೋದು ಎಷ್ಟು? ಇತ್ತ 3,000 ಮನೆಯಲ್ಲೇ ಕೂತರೂ ಬರುತ್ತೆ. ಅದರ ಮೇಲೆ ಚಿಕ್ಕಪ್ಪನ ಒಂದು ಮಾತು: “ಡಿಗ್ರಿ ಓದ್ಸಿದ್ದು ಟ್ರೈನಿ ಆಗೋಕಾ? ವರ್ಷ ಆದ್ಮೇಲೆ ಕಳಿಸಿದ್ರೆ ಆ ಮೂರೂ ಇಲ್ಲ, ಈ ಒಂಬತ್ತೂ ಇಲ್ಲ.” ಅವಳು ಹೋಗಲಿಲ್ಲ.

ಆ ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೆ ಒಂದು ಅಂಕಿ ಬಿಟ್ಟುಹೋಗಿತ್ತು. ಈಗ ಇಂಟರ್‌ವ್ಯೂಗೆ ಹೋದಲ್ಲೆಲ್ಲ ಅವಳಿಗೆ ಎದುರಾಗುವ ಮೊದಲ ಪ್ರಶ್ನೆ: “2023ರಿಂದ ಇಲ್ಲೀತನಕ ಏನ್ ಮಾಡ್ತಿದ್ರಿ?” ಒಂದು ವರ್ಷ ವೋಚರ್ ಬರೆದು, ಜಿಎಸ್‌ಟಿ ರಿಟರ್ನ್ ಹಾಕಿ ಬಂದಿದ್ದರೆ ಅದಕ್ಕೆ ಉತ್ತರ ಇರುತ್ತಿತ್ತು. ಈಗ ದುಡ್ಡೂ ನಿಂತಿದೆ. ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿದೆ. “ಕೆಲ್ಸ ಸಿಕ್ಕಿದ್ರೆ ಎರಡ್ ವರ್ಷ ಟೈಮ್ ಕೊಡ್ತಾರೆ, ಇಲ್ಲಾಂದ್ರೆ ಈ ವರ್ಷವೇ” ಅನ್ನೋದು ಅವಳ ಮಾತು. ವಾರದಲ್ಲಿ ಐದು ದಿನ ಶಿವಮೊಗ್ಗಕ್ಕೆ ಟ್ಯಾಲಿ ಕ್ಲಾಸಿಗೆ ಹೋಗಿ ಬರುತ್ತಿದ್ದಾಳೆ. ಒಬ್ಬ ಆಡಿಟರ್ ಆಫೀಸಿನವರು ಮಾರ್ಚ್ ಮುಗಿಯುವವರೆಗೆ ಬಂದು ನೋಡಲಿ ಅಂದಿದ್ದಾರೆ.

ಯಾರದು ತಪ್ಪು ಅಂತ ಹುಡುಕೋದಕ್ಕಿಂತ ನಿಯಮ ಹೇಗಿದ್ದರೆ ಅವಳು ಹೋಗುತ್ತಿದ್ದಳು ಅಂತ ಯೋಚಿಸೋಣ. ಅಪ್ರೆಂಟಿಸ್ ಆಗಿ ಸೇರಿದ ಮೊದಲ ಮೂರು ತಿಂಗಳು ಯುವನಿಧಿಯೂ ಬರುತ್ತೆ ಅಂದಿದ್ದರೆ? ಬಸ್ಸಿನ ಖರ್ಚಿನ ಲೆಕ್ಕ ಅಲ್ಲೇ ಬಗೆಹರಿಯುತ್ತಿತ್ತು. ಕೆಲಸಕ್ಕೆ ಕಾಲಿಟ್ಟ ಕೂಡಲೇ ಕೈ ಬಿಡುವ ಸಹಾಯ, ಕಾಲಿಡದಿರಲು ಕಾರಣವೂ ಆಗಿಬಿಡುತ್ತದೆ.

ಅಪ್ರೆಂಟಿಸ್ ಅನ್ನೋ ಪದಕ್ಕೆ ನಮ್ಮಲ್ಲಿರುವ ಕೀಳು ಭಾವನೆಯೂ ಹೋಗಬೇಕು. ನಮ್ಮಲ್ಲಿ ಕಾಯ್ದೆ 1961ರಿಂದಲೇ ಇದೆ. ಸ್ಟೈಪೆಂಡ್‌ನಲ್ಲಿ ಶೇ 25ರಷ್ಟನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೂ ಇದೆ. ಜರ್ಮನಿಯಲ್ಲಿ ಬ್ಯಾಂಕಿನ ಗುಮಾಸ್ತನಿಂದ ಹಿಡಿದು ಎಲೆಕ್ಟ್ರಿಷಿಯನ್‌ವರೆಗೆ ವಾರದಲ್ಲಿ ಮೂರ್ನಾಲ್ಕು ದಿನ ಕಂಪನಿಯಲ್ಲಿ, ಉಳಿದ ದಿನ ಶಾಲೆಯಲ್ಲಿ ಕಲಿತೇ ಕೆಲಸಕ್ಕೆ ಸೇರ್ತಾರೆ. ಅಲ್ಲಿ ಅದನ್ನು ಯಾರೂ ‘ಬರೀ ಟ್ರೈನಿ’ ಅನ್ನಲ್ಲ.

ಮೊದಲ ಸಂಬಳಕ್ಕೆ ಮೊದಲಿನ ತಿಂಗಳು

ಐಟಿಐ ಮುಗಿಸಿದ ಒಬ್ಬ ಹುಡುಗ, ನಮ್ಮ ಬೀದಿಯವನೇ, ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಹಿಡಿದ. ಸಂಬಳ 16,000. ಎಲ್ಲರಿಗೂ ಖುಷಿ. ಇಪ್ಪತ್ತು ದಿನಕ್ಕೆ ವಾಪಸ್ ಬಂದ. ಕೆಲಸ ಕಷ್ಟ ಅಂತಲ್ಲ. ಪಿಜಿಗೆ ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಸೇಫ್ಟಿ ಶೂ, ಊಟ ಎಲ್ಲ ಸೇರಿ ತಂದಿದ್ದ ದುಡ್ಡು ಮುಗಿಯಿತು. ಸಂಬಳ ಬರೋದು ಮುಂದಿನ ತಿಂಗಳು ಏಳಕ್ಕೆ. ನಡುವಿನ ಹದಿನೈದು ದಿನ ದಾಟೋಕೆ ಅವನ ಹತ್ತಿರ ದಾರಿ ಇರಲಿಲ್ಲ. ಕೇಳೋಕೆ ನಾಚಿಕೆ.

ಈ ಸಮಸ್ಯೆ ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. 2014ರಲ್ಲಿ ಶುರುವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯ ಮಾರ್ಗಸೂಚಿಯಲ್ಲೇ ಇದಕ್ಕೆ ಉತ್ತರ ಇತ್ತು. ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದವರಿಗೆ ತಿಂಗಳಿಗೆ 1,000 ರೂಪಾಯಿ ನೆರವು. ಸ್ವಂತ ಜಿಲ್ಲೆಯಲ್ಲಾದರೆ ಎರಡು ತಿಂಗಳು, ರಾಜ್ಯದೊಳಗೆ ಬೇರೆ ಜಿಲ್ಲೆಯಾದರೆ ಮೂರು, ಹೊರರಾಜ್ಯವಾದರೆ ಆರು. ಮೊತ್ತ ಚಿಕ್ಕದು. ಆದರೆ ಅದನ್ನು ಬರೆದವರು ಕೆಲಸ ಸಿಗೋದು ಬೇರೆ, ಕೆಲಸದಲ್ಲಿ ನಿಲ್ಲೋದು ಬೇರೆ ಅಂತ ಅರ್ಥ ಮಾಡಿಕೊಂಡಿದ್ದರು.

ಅದೇ ಹುಡುಗ ಆರು ತಿಂಗಳ ನಂತರ ಮತ್ತೆ ಹೋದ. ಈ ಸಲ ಊರಿನವನೇ ಒಬ್ಬ ತನ್ನ ರೂಮಿನಲ್ಲಿ ಒಂದು ತಿಂಗಳು ಜಾಗ ಕೊಟ್ಟ. ಈಗ ಎರಡು ವರ್ಷ ಆಗ್ತಾ ಬಂತು, ಅಲ್ಲೇ ಇದ್ದಾನೆ. ಬದಲಾಗಿದ್ದು ಕೌಶಲ ಅಲ್ಲ. ಒಂದು ಚಾಪೆ, ಒಂದು ತಿಂಗಳು.

ಉಜಿರೆಯಲ್ಲಿ ಶುರುವಾದದ್ದು

ತರಬೇತಿ ಅಂದ ಕೂಡಲೇ ಸರ್ಟಿಫಿಕೇಟ್ ಹಂಚುವ ಫೋಟೊ ನೆನಪಾಗೋದು ಸಹಜ. ಆದರೆ ನಮ್ಮ ರಾಜ್ಯದಲ್ಲೇ ಹುಟ್ಟಿ ದೇಶವೆಲ್ಲ ನೋಡಿ ಕಲಿತ ಮಾದರಿ ಒಂದಿದೆ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್. ಮುಂದೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಆರ್‌ಸೆಟಿ ಹೆಸರಿನಲ್ಲಿ ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ದೇಶದಾದ್ಯಂತ ವಿಸ್ತರಿಸಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮೊಬೈಲ್ ರಿಪೇರಿ, ಹೊಲಿಗೆ, ಹೈನುಗಾರಿಕೆ, ಮೋಟಾರ್ ರಿವೈಂಡಿಂಗ್, ಹೀಗೆ ಕೆಲವೇ ವಾರಗಳ ಕೋರ್ಸ್.

ಇಲ್ಲಿ ಗಮನಿಸಬೇಕಾದ ವಿಷಯ ಕೋರ್ಸ್‌ನ ಉದ್ದ ಅಲ್ಲ. ತರಬೇತಿ ಕೆಲವು ವಾರ, ಬೆನ್ನ ಹಿಂದೆ ನಿಲ್ಲೋದು ಎರಡು ವರ್ಷ. ಅಂಗಡಿ ಇಟ್ಟಿದ್ದಾನಾ, ಬ್ಯಾಂಕ್ ಸಾಲ ಆಯ್ತಾ, ಎಲ್ಲಿ ಸಿಕ್ಕಿಹಾಕಿಕೊಂಡ ಅಂತ ಕೇಳುವವರೊಬ್ಬರು ಇರ್ತಾರೆ. ಇದು ಸ್ವಂತ ಉದ್ಯೋಗಕ್ಕೆ ಮಾಡಿದ ವ್ಯವಸ್ಥೆ. ಸಂಬಳದ ಕೆಲಸ ಹುಡುಕುವವರಿಗೂ ಇಂಥದ್ದೇ ಬೇಕು.

ಯೋಚಿಸಿ: ಯುವನಿಧಿ ಫಲಾನುಭವಿಗಳು ತಮಗೆ ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಆಗಾಗ ಆನ್‌ಲೈನ್‌ನಲ್ಲಿ ಸ್ವಯಂ ಘೋಷಣೆ ಕೊಡಬೇಕಿತ್ತು. ಕೆಲಸ ಹುಡುಕುತ್ತಿರುವ ಸಾವಿರಾರು ಪದವೀಧರರು ತಾವಾಗೇ ಸರ್ಕಾರದ ಬಾಗಿಲಿಗೆ ಮತ್ತೆ ಮತ್ತೆ ಬರುತ್ತಿದ್ದರು. ಆಗ ಅವರನ್ನು “ಕೆಲಸ ಸಿಕ್ತಾ?” ಅಂತ ಮಾತ್ರ ಕೇಳಿದರೆ ಸಾಲದು. “ಯಾವ ಕೆಲಸಕ್ಕೆ ಪ್ರಯತ್ನ ಮಾಡಿದ್ರಿ, ಎಲ್ಲಿ ನಿಂತಿತು?” ಅಂತಲೂ ಕೇಳಬಹುದಿತ್ತು. ಉತ್ತರ ನೋಡಿ ಜಿಲ್ಲಾ ಕಚೇರಿಯಿಂದ ಒಬ್ಬರು ಫೋನ್ ಮಾಡಬಹುದಿತ್ತು. ಯೋಜನೆ ಮುಂದಿನ ತಂಡಗಳಿಗೂ ನಡೆಯುತ್ತಿರುವುದರಿಂದ ಇದನ್ನು ಈಗಲೂ ಮಾಡಬಹುದು.

ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ

ನಡುವೆ ಒಳ್ಳೆಯ ಮನುಷ್ಯ ಇಲ್ಲದ ಕಡೆ ಕೆಟ್ಟವನು ಬಂದು ನಿಲ್ತಾನೆ. “ಏರ್‌ಪೋರ್ಟ್‌ನಲ್ಲಿ ಗ್ರೌಂಡ್ ಸ್ಟಾಫ್ ಕೆಲಸ, ರಿಜಿಸ್ಟ್ರೇಷನ್ 2,500.” 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಇಂಥ ವಾಟ್ಸ್ಆ್ಯಪ್ ಮೆಸೇಜು ನಮ್ಮ ಜಗಲಿಗೆ ಬಂದವರ ಫೋನಿನಲ್ಲಿ ಹಲವು ಸಲ ನೋಡಿದ್ದೇನೆ. ಲೆಟರ್‌ಹೆಡ್ ಚೆನ್ನಾಗಿರುತ್ತೆ, ಸೀಲು ಇರುತ್ತೆ.

ಗುರುತಿಸೋದು ಸುಲಭ. ಕೆಲಸ ಕೊಡುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ಟ್ರೈನಿಂಗ್ ಕಿಟ್, ಯೂನಿಫಾರ್ಮ್, ಸೆಕ್ಯೂರಿಟಿ ಡೆಪಾಸಿಟ್, ‘ರಿಫಂಡಬಲ್’ ಶುಲ್ಕ ಅಂತ ಯಾವ ಹೆಸರಿನಲ್ಲಿ ಕೇಳಿದರೂ ಅನುಮಾನ ಪಡಿ. ಆಫರ್ ಲೆಟರ್ ಜಿಮೇಲ್‌ನಿಂದ ಬಂದಿದ್ದರೆ ಕಂಪನಿಯ ನಂಬರ್ ನೀವೇ ಹುಡುಕಿ ಫೋನ್ ಮಾಡಿ. ದುಡ್ಡು ಹೋಗಿದ್ದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಮ್ಮ ಕೈಯಲ್ಲಿರೋದು

ಇದನ್ನು ಮೆಟ್ರೊದಲ್ಲೋ ಕ್ಯಾಬ್‌ನಲ್ಲೋ ಓದುತ್ತಿರುವವರಲ್ಲಿ ಹೆಚ್ಚಿನವರು ಯಾವುದೋ ಒಂದು ಕುಂಸಿಯಿಂದ ಬಂದವರೇ. ಸರ್ಕಾರ ನಿಯಮ ಬದಲಿಸುವವರೆಗೆ ಕಾಯಬೇಕಿಲ್ಲ. ನಾನು ನೋಡಿದಂತೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇವು:

ಒಬ್ಬರನ್ನು ಹಿಡಿದುಕೊಳ್ಳಿ. ಹತ್ತು ಜನರ ಗ್ರೂಪಿಗೆ ಲಿಂಕ್ ಫಾರ್ವರ್ಡ್ ಮಾಡೋದಕ್ಕಿಂತ ಒಬ್ಬರ ಜೊತೆ ಆರು ತಿಂಗಳು ನಿಲ್ಲೋದು ಮೇಲು. ತಿಂಗಳಿಗೆರಡು ಫೋನ್ ಸಾಕು.

ಕನ್ನಡದಲ್ಲೇ ಇಂಟರ್‌ವ್ಯೂ ಮಾಡಿಸಿ, ಆಮೇಲೆ ಇಂಗ್ಲಿಷ್. ಹೇಳಬೇಕಾದ್ದು ತಲೆಯಲ್ಲಿ ಸ್ಪಷ್ಟ ಆಗದೆ ಇಂಗ್ಲಿಷ್ ಕಲಿಸಿದರೆ ಬಾಯಿಪಾಠ ಮಾತ್ರ ಬರುತ್ತೆ. “ನಿನ್ನ ಬಗ್ಗೆ ಹೇಳು” ಅಂದರೆ ಅಪ್ಪನ ಹೆಸರು, ಊರು ಹೇಳಿ ನಿಲ್ಲಿಸುತ್ತಾರೆ. ಮನೆಯ ಅಡಿಕೆ ಲೆಕ್ಕ ನಾಲ್ಕು ವರ್ಷ ಬರೆದಿದ್ದೇನೆ ಅನ್ನೋದು ಕೂಡ ಅನುಭವವೇ ಅಂತ ಅವರಿಗೆ ಯಾರೂ ಹೇಳಿರಲ್ಲ.

ರೆಸ್ಯೂಮ್ ಒಂದೇ ಪುಟ. ಹುಟ್ಟಿದ ದಿನ, ಜಾತಿ, ತಂದೆಯ ಉದ್ಯೋಗ ಬೇಡ. ಬರುವ ಕೆಲಸ ಮೇಲಿರಲಿ.

ಅಪ್ರೆಂಟಿಸ್ ಅವಕಾಶ ಬಂದರೆ ಹುಡುಗಿಯ ಜೊತೆ ಮಾತ್ರ ಅಲ್ಲ, ಅವಳ ಅಪ್ಪನ ಜೊತೆಯೂ ಮಾತಾಡಿ. ತೀರ್ಮಾನ ಆಗೋದು ಅಲ್ಲಿ.

ಮೊದಲ ತಿಂಗಳು ಜಾಗ ಕೊಡಿ. ರೂಮಿನಲ್ಲಿ ಆಗದಿದ್ದರೆ ಪಿಜಿ ಅಡ್ವಾನ್ಸ್ ಕೈಸಾಲ ಕೊಡಿ. ಎರಡನೇ ಸಂಬಳಕ್ಕೆ ವಾಪಸ್ ಕೊಡು ಅಂತ ಮೊದಲೇ ಹೇಳಿದರೆ ಅವರಿಗೂ ಮರ್ಯಾದೆ, ನಿಮಗೂ ನಿರಾಳ.

ನಿಮ್ಮ ಆಫೀಸಿನಲ್ಲಿ ಬಿಲ್ಲಿಂಗ್, ಸಪೋರ್ಟ್, ಡೇಟಾ ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ಸಣ್ಣ ಊರಿನ ಸರ್ಕಾರಿ ಕಾಲೇಜಿನ ಒಂದು ರೆಸ್ಯೂಮ್ ಎಚ್‌ಆರ್ ಟೇಬಲ್‌ವರೆಗೆ ತಲುಪಿಸಿ. ಆಯ್ಕೆ ಮಾಡೋದು ಅವರ ಕೆಲಸ.

ಊರಲ್ಲೇ ಇರಬೇಕೆನ್ನುವವರಿಗೆ ಬೆಂಗಳೂರಿನ ಆಸೆ ಹಚ್ಚಬೇಡಿ. ಶಿವಮೊಗ್ಗದ 12,000 ಮನೆಯಿಂದ ಓಡಾಡುವವರಿಗೆ ಬೆಂಗಳೂರಿನ 18,000ಕ್ಕಿಂತ ಹೆಚ್ಚು ಉಳಿಸಿಕೊಡಬಹುದು. ಲೆಕ್ಕ ಹಾಕಿ ತೋರಿಸಿ, ಆಯ್ಕೆ ಅವರಿಗೆ ಬಿಡಿ.

ಯುವನಿಧಿ ಸಮಯ ಕೊಟ್ಟಿತು. ಆ ಸಮಯವನ್ನು ಕೆಲಸವಾಗಿ ಬದಲಾಯಿಸುವ ಸೇವೆ ಅದರ ಜೊತೆಜೊತೆಗೆ ಬರಲಿಲ್ಲ. ಮುಂದಿನ ತಂಡದವರಿಗೆ ಈ ತಿಂಗಳೂ ದುಡ್ಡು ಬರುತ್ತಿದೆ, ಅವರ ಗಡಿಯಾರವೂ ಓಡುತ್ತಿದೆ. ನಿಮ್ಮೂರಲ್ಲಿ ಅಂಥವರು ಯಾರಿದ್ದಾರೆ ಅಂತ ಅಮ್ಮನನ್ನು ಕೇಳಿದರೆ ಸಾಕು, ಎರಡು ನಿಮಿಷದಲ್ಲಿ ಮೂರು ಹೆಸರು ಹೇಳ್ತಾರೆ. ಒಬ್ಬರ ನಂಬರ್ ತೆಗೆದುಕೊಳ್ಳಿ.